ಬೆಳಗಿನ ತಟ್ಟೆಯಲ್ಲಿ ಸಾವಿರ ವರ್ಷ



ಇಂದು ಬೆಳಿಗ್ಗೆ ಶಾಲೆಗೋ ಕಾಲೇಜಿಗೋ ಹೊರಡುವ ಮುನ್ನ ಮನೆಯಲ್ಲಿ ಏನು ತಿಂದಿರಿ? ಇಡ್ಲಿ ಚಟ್ನಿಯೇ? ಉಪ್ಪಿಟ್ಟೇ? ಜೋಳದ ರೊಟ್ಟಿಯೊಡನೆ ಮೊಸರು, ಶೇಂಗಾ ಹಿಂಡಿಯೇ? ರಾಗಿ ಅಂಬಲಿಯೇ? ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಎಂದು ಬೇಸರಪಡುವವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಅಂಥವರು ಎದುರಿಗಿರುವ ತಟ್ಟೆಯನ್ನೇ ಒಮ್ಮೆ ಗಮನವಿಟ್ಟು ನೋಡಲಿ. ಅದೂ ಒಂದು ಚಾರಿತ್ರಿಕ ದಾಖಲೆಯೇ. ಆದರೆ ಎಲ್ಲ ದಾಖಲೆಗಳಂತೆ ಅದನ್ನೂ ಎಚ್ಚರದಿಂದ ಓದಬೇಕು.

ಮೊದಲು ಇಡ್ಲಿಯನ್ನೇ ತೆಗೆದುಕೊಳ್ಳೋಣ. ಕನ್ನಡದ ಪ್ರಾಚೀನ ಗದ್ಯಕೃತಿ 'ವಡ್ಡಾರಾಧನೆ'. ಅದರ ಕಾಲ ಸುಮಾರು ಕ್ರಿ.ಶ. 920 ಎಂದು ಸಾಮಾನ್ಯವಾಗಿ ಹೇಳುವುದುಂಟು. ಮನೆಗೆ ಬಂದ ಅತಿಥಿಗೆ ಬಡಿಸಿದ ತಿನಿಸುಗಳ ಪಟ್ಟಿಯಲ್ಲಿ ಅಲ್ಲಿ 'ಇಡ್ಡಲಿಗೆ' ಎಂಬ ಹೆಸರು ಬರುತ್ತದೆ. ಹಾಗಾದರೆ ನಮ್ಮ ಇಡ್ಲಿಗೆ ಸಾವಿರ ವರ್ಷ ದಾಟಿತು ಎಂದು ಹೆಮ್ಮೆಪಡೋಣವೇ? ಸ್ವಲ್ಪ ತಾಳಿ.

ಸುಮಾರು ಕ್ರಿ.ಶ. 1025ರಲ್ಲಿ ಇಮ್ಮಡಿ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಇದನ್ನು ಮಾಡುವ ವಿಧಾನವೇ ಇದೆ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರಿನೊಡನೆ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗನ್ನು ಬೆರೆಸಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಸುಮಾರು 1130ರದು. ಅದರಲ್ಲಿಯೂ 'ಇಡ್ಡರಿಕಾ' ಎಂಬ ಉದ್ದಿನ ತಿನಿಸಿದೆ.

ಈ ವಿವರಗಳನ್ನು ಮತ್ತೊಮ್ಮೆ ಓದಿ. ಏನು ಕಾಣೆಯಾಗಿದೆ? ಹೌದು, ಅಕ್ಕಿ! ಹಿಟ್ಟನ್ನು ರಾತ್ರಿಯಿಡೀ ಹುದುಗಲು ಬಿಡುವ ಮಾತಾಗಲಿ, ಹಬೆಯಲ್ಲಿ ಬೇಯಿಸುವ ಮಾತಾಗಲಿ ಈ ಹಳೆಯ ವರ್ಣನೆಗಳಲ್ಲಿ ಇಲ್ಲವೆಂಬುದನ್ನು ಆಹಾರ ಇತಿಹಾಸಕಾರ ಕೆ.ಟಿ. ಅಚಯ ಅವರು ಎತ್ತಿ ತೋರಿಸಿದ್ದಾರೆ. ಅಂದರೆ ಹೆಸರು ಹಳೆಯದು, ಅದರೊಳಗಿನ ವಸ್ತು ಮಾತ್ರ ಬದಲಾಗಿದೆ. ಇದು ಇತಿಹಾಸದ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಎಂದು ತಿಳಿಯಬಾರದು.

'ಉಪ್ಪಿಟ್ಟು' ಎಂಬ ಪದವನ್ನು ಬಿಡಿಸಿ ನೋಡಿ. ಉಪ್ಪು ಮತ್ತು ಹಿಟ್ಟು. ಇಂದು ನಾವು ಅದನ್ನು ಮಾಡುವುದು ಹೆಚ್ಚಾಗಿ ಗೋಧಿ ರವೆಯಿಂದ. ಹಿಟ್ಟು ಹೆಸರಿನಲ್ಲಷ್ಟೇ ಉಳಿಯಿತು. ಅದಕ್ಕೆ ಹಾಕುವ ಹಸಿಮೆಣಸಿನಕಾಯಿಯಂತೂ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳು 1498ರಲ್ಲಿ ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟಿದ ಮೇಲೆಯೇ ಅದು ಇಲ್ಲಿಗೆ ಬಂದದ್ದು. ಚಾವುಂಡರಾಯನ ಕಾಲದಲ್ಲಿ ಖಾರವೆಂದರೆ ಕರಿಮೆಣಸು. ಶೇಂಗಾ, ಆಲೂಗಡ್ಡೆ, ಟೊಮೇಟೊ ಕೂಡ ಅಮೆರಿಕದಿಂದ ಬಂದವೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಬೆಳಗಿನ ತಿಂಡಿಗೆ ಹೇಳುವ 'ನಾಷ್ಟಾ' ಎಂಬ ಮಾತು ಪಾರ್ಸಿ ಮೂಲದ್ದು. ಹೀಗೆ ಅಪ್ಪಟ ನಮ್ಮದೆಂದು ನಾವು ಭಾವಿಸುವ ತಟ್ಟೆಯಲ್ಲಿ ದೂರ ದೂರದ ನಾಡುಗಳು ಕುಳಿತಿವೆ. ಇದರಿಂದ ಅದು ನಮ್ಮದಲ್ಲವೆಂದಾಗುವುದಿಲ್ಲ. ಬಂದದ್ದನ್ನು ನಮ್ಮದಾಗಿಸಿಕೊಂಡ ಕೈಗಳು ನಮ್ಮ ಮನೆಯವೇ.

ಕೊರತೆಯೂ ಹೊಸ ತಿನಿಸನ್ನು ಹುಟ್ಟಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ದೇಶ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಆ ಯುದ್ಧದ ದಿನಗಳಲ್ಲಿ ಅಕ್ಕಿಯ ಬದಲು ರವೆ ಬಳಸಿ ರವೆ ಇಡ್ಲಿಯನ್ನು ರೂಪಿಸಿದ ಕೀರ್ತಿ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ಗೆ ಸಲ್ಲುತ್ತದೆ ಎನ್ನುತ್ತಾರೆ. ಹೋಟೆಲಿನ ಆ ತಿಂಡಿ ಇಂದು ಮನೆಮನೆಯ ತಿಂಡಿ.

ಈಗ ಎರಡನೆಯ ಪಾಠ. ಬರೆದಿಟ್ಟದ್ದಷ್ಟೇ ಇತಿಹಾಸವಲ್ಲ. 'ಮಾನಸೋಲ್ಲಾಸ' ಒಬ್ಬ ಅರಸನ ಗ್ರಂಥ. ಅದರಲ್ಲಿ ಅರಮನೆಯ ರುಚಿಯಿದೆ. ಹೊಲಕ್ಕೆ ಹೊರಟ ರೈತ ಕುಡಿದ ಅಂಬಲಿಯನ್ನಾಗಲಿ, ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುಕಲ್ಲಿನ ಮುಂದೆ ಕುಳಿತ ಅವನ ಮನೆಯಾಕೆಯನ್ನಾಗಲಿ ಯಾವ ಅರಸ ಬರೆಸಿಟ್ಟ? ಬಡವರ ಧಾನ್ಯದ ಪರವಾಗಿ ಮಾತಾಡಿದ ಕೃತಿಯೊಂದು ನಮ್ಮಲ್ಲಿದೆ ಎಂಬುದು ಸಮಾಧಾನದ ಸಂಗತಿ. ಅದು 16ನೇ ಶತಮಾನದ ಕನಕದಾಸರ 'ರಾಮಧಾನ್ಯ ಚರಿತೆ'. ಅಲ್ಲಿ ಅಕ್ಕಿಗೂ ರಾಗಿಗೂ ಯಾರು ಮೇಲೆಂಬ ಜಗಳ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಕೆಡುತ್ತದೆ, ರಾಗಿ ಕೆಡದೆ ಉಳಿದು ಗೆಲ್ಲುತ್ತದೆ. ಕಥೆ ಕಲ್ಪನೆಯಾದರೂ ಅದರ ಹಿಂದೆ ಒಕ್ಕಲುಮಗನ ಅನುಭವವಿದೆ. ಚೆನ್ನಾಗಿ ಒಣಗಿಸಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆಯೆಂದು ಇಂದಿನ ವಿಜ್ಞಾನವೂ ಹೇಳುತ್ತದೆ. ಮೂಳೆ ಬೆಳೆಯುವ ವಯಸ್ಸಿನ ನಿಮಗೆ ಇದು ತಿಳಿದಿರಬೇಕಾದ ವಿಷಯ.

ಕೊನೆಯದಾಗಿ ನಿಮಗೊಂದು ಕೆಲಸ. ಬರುವ ಭಾನುವಾರ ತಿಂಡಿಯ ಹೊತ್ತಿಗೆ ಒಂದು ನೋಟ್ ಪುಸ್ತಕ ಹಿಡಿದು ಅಜ್ಜಿಯ ಬಳಿ ಕುಳಿತುಕೊಳ್ಳಿ. 'ಅಜ್ಜಿ, ನೀವು ನನ್ನಷ್ಟಿದ್ದಾಗ ಬೆಳಿಗ್ಗೆ ಏನು ತಿನ್ನುತ್ತಿದ್ದಿರಿ? ಹಿಟ್ಟು ರುಬ್ಬುತ್ತಿದ್ದವರು ಯಾರು? ಇಡ್ಲಿ ದಿನವೂ ಇತ್ತೇ, ಹಬ್ಬಕ್ಕೆ ಮಾತ್ರವೇ? ಬರಗಾಲದಲ್ಲಿ ಏನು ಮಾಡಿದಿರಿ?' ಎಂದು ಕೇಳಿ. ಉತ್ತರಗಳನ್ನು ಊರಿನ ಹೆಸರು, ಇಸವಿಯ ಸಮೇತ ಬರೆದಿಡಿ. ಒರಳುಕಲ್ಲು ಈಗ ಅನೇಕ ಮನೆಗಳ ಹಿತ್ತಿಲು ಸೇರಿದೆ. ಅದನ್ನು ತಿರುಗಿಸಿದವರ ನೆನಪಾದರೂ ನಿಮ್ಮ ಪುಸ್ತಕದಲ್ಲಿ ಉಳಿಯಲಿ. ಆದರೆ ಮೊದಲು ತಿಂಡಿ ತಿನ್ನಿ, ಆರಿ ಹೋದೀತು!