ಮೂರನೇ ಪ್ಯಾರಾ ಓದಿದ್ಯೇನೋ?

ಹೋದ ತಿಂಗಳ ಕತೆ. ಊರಿನ ಅಡಿಕೆ ತೋಟ ಮಾರೋಣ ಅಂತ ನಾನು, ಬೇಡ ಅಂತ ಅಪ್ಪ. ಎರಡು ವರ್ಷದ ಹಳೆಯ ವಾದ ಇದು. ಪತ್ರಿಕೆಯೊಂದರಲ್ಲಿ ಹಳ್ಳಿಯ ಜಮೀನಿನ ಬಗ್ಗೆ ಒಂದು ಅಂಕಣ ಬಂದಿತ್ತು. ಆಳು ಸಿಗಲ್ಲ, ಕೊಳೆರೋಗ, ಮಕ್ಕಳೆಲ್ಲ ಬೆಂಗಳೂರಿನಲ್ಲಿ... ಎರಡು ಪ್ಯಾರಾ ಓದಿದ್ದೇ ತಡ, ಫೋಟೊ ತೆಗೆದು ಅಪ್ಪನಿಗೆ ಕಳಿಸಿಬಿಟ್ಟೆ. ಹತ್ತೇ ನಿಮಿಷಕ್ಕೆ ಫೋನು: "ಮೂರನೇ ಪ್ಯಾರಾ ಓದಿದ್ಯೇನೋ?"

ಅದು ಶುರುವಾಗಿದ್ದೇ ‘ಆದರೆ’ ಅಂತ. ತೋಟ ಮಾರಬೇಡಿ ಅನ್ನೋದೇ ಲೇಖನದ ಒಟ್ಟು ತಾತ್ಪರ್ಯ!

ಇಂಜಿನಿಯರಿಂಗ್ ಓದಿದವನಿಗೆ ಒಂದು ಅಂಕಣ ಓದಲು ಬರಲಿಲ್ಲವಲ್ಲ ಅಂತ ನಾಚಿಕೆಯಾಯ್ತು. ಅಭಿಪ್ರಾಯದ ಬರಹ ಓದುವುದನ್ನು ಯಾರಾದರೂ ಕಲಿಸ್ತಾರಾ ಅಂತ ಹುಡುಕಿದಾಗ ಸಿಕ್ಕ ಇತಿಹಾಸ ಇದು.

1967ರಲ್ಲಿ ಅಮೆರಿಕದ ಕೆನ್ನೆತ್ ಗುಡ್‌ಮನ್ ಓದುವುದನ್ನು ಒಂದು ‘ಊಹೆಯ ಆಟ’ ಎಂದು ಕರೆದರು. 1969ರಲ್ಲಿ ರಸೆಲ್ ಸ್ಟಾಫರ್ ಅವರ ಪುಸ್ತಕ ಬಂತು. ಅವರ ವಿಧಾನ ಸರಳ. ಪಾಠವನ್ನು ನಡುವೆ ನಿಲ್ಲಿಸಿ ಕೇಳಬೇಕು: ಮುಂದೇನು ಬರಬಹುದು? ಹಾಗೆ ಯಾಕನ್ನಿಸ್ತು? ಆಮೇಲೆ ಓದಿ, ಊಹೆ ಸರಿಯೋ ತಪ್ಪೋ ಅನ್ನೋದಕ್ಕೆ ಪಾಠದಲ್ಲೇ ಸಾಕ್ಷಿ ತೋರಿಸಬೇಕು. ಊಹೆ ತಪ್ಪಾದರೆ ಬೈಗುಳವಿಲ್ಲ, ಸಾಕ್ಷಿ ಇಲ್ಲದಿದ್ದರೆ ಮಾತ್ರ ಕಷ್ಟ.

1984ರಲ್ಲಿ ಆನ್‌ಮೇರಿ ಪಾಲಿನ್‌ಸರ್ ಮತ್ತು ಆನ್ ಬ್ರೌನ್ ಎಂಬಿಬ್ಬರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ಆರಿಸಿಕೊಂಡದ್ದು ಅಕ್ಷರಗಳನ್ನು ಸರಾಗವಾಗಿ ಓದಿಯೂ ಅರ್ಥ ಹಿಡಿಯಲಾಗದ ಏಳನೇ ತರಗತಿಯ ಮಕ್ಕಳನ್ನು (ನನ್ನಂಥವರು!). ನಾಲ್ಕು ಕೆಲಸ: ಊಹಿಸು, ಪ್ರಶ್ನೆ ಕೇಳು, ಗೊಂದಲ ಬಿಡಿಸಿಕೋ, ಸಾರಾಂಶ ಹೇಳು. ಮೊದಲು ಮೇಷ್ಟ್ರು ಮಾಡಿ ತೋರಿಸುವುದು, ನಂತರ ಮಕ್ಕಳೇ ಸರದಿಯ ಮೇಲೆ ಮೇಷ್ಟ್ರಾಗುವುದು. ಕೆಲವೇ ವಾರಗಳಲ್ಲಿ ಆ ಮಕ್ಕಳು ಓದಿ ಅರ್ಥಮಾಡಿಕೊಳ್ಳುವುದು ಗಣನೀಯವಾಗಿ ಸುಧಾರಿಸಿತು.

ಇಲ್ಲೊಂದು ಎಡವಟ್ಟೂ ಆಯಿತು. ಗುಡ್‌ಮನ್ ಪದಗಳನ್ನೂ ಊಹಿಸಬಹುದು ಅಂದಿದ್ದರು. ಶಾಲೆಗಳು ಅದನ್ನೇ ಹಿಡಿದು, ಚಿತ್ರ ನೋಡಿ ಪದ ಊಹಿಸು ಅಂತ ಕಲಿಸತೊಡಗಿದವು. 1980ರಲ್ಲಿ ಕೀತ್ ಸ್ಟಾನೊವಿಚ್ ಬೇರೆಯೇ ಚಿತ್ರ ಕೊಟ್ಟರು. ಪದ ಗುರುತಿಸಲು ಸಂದರ್ಭಕ್ಕೆ ಜೋತುಬೀಳುವವರು ಹೆಚ್ಚಾಗಿ ದುರ್ಬಲ ಓದುಗರು. ಚೆನ್ನಾಗಿ ಓದುವವರು ಪದವನ್ನು ನೋಡಿಯೇ ಗುರುತಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಹಲವು ರಾಜ್ಯಗಳು ಪದ ಊಹಿಸುವ ಪಾಠವನ್ನು ಕಾನೂನು ಮಾಡಿಯೇ ನಿಲ್ಲಿಸಿವೆ. ಅಂದರೆ ಪದವನ್ನು ಓದಬೇಕು, ಊಹಿಸಬೇಕಾದ್ದು ವಾದದ ದಾರಿಯನ್ನು.

ಕತೆಯಲ್ಲಾದರೆ ಮುಂದೆ ಏನಾಗುತ್ತೆ ಅಂತ ಊಹಿಸ್ತೀವಿ. ಅಭಿಪ್ರಾಯದ ಬರಹದಲ್ಲಿ ಈ ಮನುಷ್ಯ ಎಲ್ಲಿಗೆ ಕರಕೊಂಡು ಹೋಗ್ತಿದಾನೆ ಅಂತ ಊಹಿಸಬೇಕು. ನಮ್ಮ ಶಾಸ್ತ್ರಗ್ರಂಥಗಳ ಪೂರ್ವಪಕ್ಷ ನೆನಪಿಸಿಕೊಳ್ಳಿ. ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿ ಮೊದಲು ಎದುರಾಳಿಯ ವಾದ ಗಟ್ಟಿಯಾಗಿ ಬರುತ್ತದೆ, ಸಿದ್ಧಾಂತ ಆಮೇಲೆ. ಅರ್ಧಕ್ಕೇ ಪುಸ್ತಕ ಮುಚ್ಚಿದವನು ಎದುರಾಳಿಯ ಮಾತನ್ನೇ ಶಂಕರರ ಮಾತು ಅಂದುಕೊಳ್ತಾನೆ. ‘ನಿಜ’, ‘ಕೆಲವರ ಪ್ರಕಾರ’, ‘ಒಪ್ಪೋಣ’ ಇವೆಲ್ಲ ತಿರುವಿನ ಬೋರ್ಡುಗಳು.

ತಿರುವಿನಲ್ಲೇ ಓದುಗನನ್ನು ಬೀಳಿಸಿದವನೂ ಇದ್ದಾನೆ. 1729ರಲ್ಲಿ ಜೊನಾಥನ್ ಸ್ವಿಫ್ಟ್ ಐರ್ಲೆಂಡಿನ ಬಡತನದ ಬಗ್ಗೆ ಹೆಸರು ಹಾಕದೆ ಒಂದು ಕಿರುಹೊತ್ತಗೆ ತಂದ. ಲೆಕ್ಕಾಚಾರ, ಕರುಣೆ ಎಲ್ಲ ಇದೆ, ಇನ್ನೇನು ಒಳ್ಳೆಯ ಪರಿಹಾರ ಬಂತು ಅನ್ನುವಾಗ, ಬಡವರ ಕೂಸುಗಳನ್ನು ಶ್ರೀಮಂತರ ಊಟಕ್ಕೆ ಮಾರಿ ಅನ್ನುತ್ತಾನೆ. ಅವನ ನಿಜವಾದ ಪರಿಹಾರಗಳು ಕೊನೆಗೆ ಬರುತ್ತವೆ, ಅದೂ ‘ಇವನ್ನೆಲ್ಲ ನನ್ನ ಹತ್ತಿರ ಹೇಳಬೇಡಿ’ ಅನ್ನೋ ಧಾಟಿಯಲ್ಲಿ. ಊಹಿಸುತ್ತಾ ಓದಿದವನಿಗೇ ಆ ಏಟು ಸರಿಯಾಗಿ ತಾಗೋದು.

ನಮ್ಮ ಕಂಪ್ಯೂಟರಿನ ಪ್ರೊಸೆಸರೂ ಹೀಗೇ. ಪ್ರೋಗ್ರಾಮ್ ಯಾವ ಕಡೆ ತಿರುಗುತ್ತೆ ಅಂತ ಮೊದಲೇ ಊಹಿಸಿ ಕೆಲಸ ಶುರುಮಾಡುತ್ತೆ. ಊಹೆ ತಪ್ಪಿದರೆ ಮಾಡಿದ್ದನ್ನು ಎಸೆದು ಸರಿದಾರಿಗೆ ಬರುತ್ತೆ. ನಾವು ಎಸೆಯೋದಿಲ್ಲ, ಫಾರ್ವರ್ಡ್ ಮಾಡ್ತೀವಿ :)

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಅದೇ ಅಂಕಣಕಾರರ ಹೊಸ ಲೇಖನ ಇಟ್ಟುಕೊಂಡು, ಪ್ರತಿ ಪ್ಯಾರಾಕ್ಕೂ ನಿಲ್ಲಿಸಿ ಇಬ್ಬರೂ ಊಹೆ ಹೇಳಿದೆವು. ಐದರಲ್ಲಿ ಅಪ್ಪನದು ನಾಲ್ಕು ಸರಿ, ನನ್ನದು ಎರಡು. ಆಮೇಲೆ ಹೊಳೆಯಿತು, ನಾನು ಊಹಿಸುತ್ತಲೇ ಇರಲಿಲ್ಲ. ನನಗೆ ಬೇಕಾದ್ದನ್ನು ಅವರು ಬರೆಯಲಿ ಅಂತ ಕಾಯುತ್ತಿದ್ದೆ. ತೋಟದ ವಿಷಯದಲ್ಲೂ ಅಪ್ಪನ ಮಾತನ್ನು ಎರಡು ವರ್ಷದಿಂದ ಹೀಗೇ ಕೇಳಿದ್ದೆನೇನೋ. ಅವತ್ತು ಸಂಜೆ, ಯಾಕೆ ಬೇಡ ಅಂತೀರಿ ಅಂತ ಕೇಳಿ, ನಡುವೆ ಬಾಯಿ ಹಾಕದೆ ಕೂತೆ.

ವಾದ ಇನ್ನೂ ಮುಗಿದಿಲ್ಲ. ಆದರೆ...

ಮುಂದೇನು ಬರಬಹುದು, ನೀವೇ ಊಹಿಸಿ. ಯಾಕೆ ಹಾಗನ್ನಿಸಿತು ಅಂತಲೂ ಹೇಳಬೇಕು ಮತ್ತೆ!