ಪ್ಲೂರಲ್ ದ್ರವದ ಜೀವರಾಸಾಯನಿಕ ವಿಶ್ಲೇಷಣೆ

ಪ್ಲೂರಲ್ ದ್ರವದ ಜೀವರಾಸಾಯನಿಕ ವಿಶ್ಲೇಷಣೆಯು ಶ್ವಾಸಕೋಶದ ಸುತ್ತ ಸಂಗ್ರಹವಾದ ದ್ರವದಲ್ಲಿನ ಪ್ರೋಟೀನ್, ಕಿಣ್ವ, ಗ್ಲುಕೋಸ್ ಮುಂತಾದವುಗಳನ್ನು ಅಳೆದು, ದ್ರವ ತುಂಬಲು ಕಾರಣವಾದ ರೋಗವನ್ನು ಗುರುತಿಸಲು ನೆರವಾಗುವ ಪರೀಕ್ಷಾಕ್ರಮವಾಗಿದೆ. ಶ್ವಾಸಕೋಶವನ್ನೂ ಎದೆಗೋಡೆಯ ಒಳಭಾಗವನ್ನೂ ಆವರಿಸಿರುವ ತೆಳು ಪೊರೆಗೆ ಪ್ಲೂರಾ ಎಂದು ಹೆಸರು. ಇದರ ಎರಡು ಪದರಗಳ ನಡುವೆ ಸಾಮಾನ್ಯವಾಗಿ ಕೆಲವೇ ಮಿಲಿಲೀಟರ್ ದ್ರವವಿರುತ್ತದೆ. ಇದು ಹೆಚ್ಚಾದ ಸ್ಥಿತಿಯನ್ನು ಪ್ಲೂರಲ್ ಎಫ್ಯೂಷನ್ ಎನ್ನುತ್ತಾರೆ. ಪರೀಕ್ಷೆಗೆ ಬೇಕಾದ ದ್ರವವನ್ನು ಎದೆಗೋಡೆಯ ಮೂಲಕ ಸೂಜಿ ಹಾಯಿಸಿ ತೆಗೆಯಲಾಗುತ್ತದೆ.

ಟ್ರಾನ್ಸುಡೇಟ್ ಮತ್ತು ಎಕ್ಸುಡೇಟ್

ವಿಶ್ಲೇಷಣೆಯ ಮೊದಲ ಹಂತ ದ್ರವದ ವರ್ಗೀಕರಣ. ರಕ್ತನಾಳಗಳಲ್ಲಿನ ಒತ್ತಡ ಹೆಚ್ಚಿದಾಗ ಅಥವಾ ರಕ್ತದ ಆಲ್ಬುಮಿನ್ ಕುಗ್ಗಿದಾಗ, ಆರೋಗ್ಯವಾಗಿಯೇ ಇರುವ ಪೊರೆಯ ಮೂಲಕ ಒಸರುವ ದ್ರವವು ಟ್ರಾನ್ಸುಡೇಟ್. ಹೃದಯ ವೈಫಲ್ಯ, ಯಕೃತ್ತಿನ ಸಿರೋಸಿಸ್ ಮತ್ತು ನೆಫ್ರಾಟಿಕ್ ಸಿಂಡ್ರೋಮ್ ಇದರ ಮುಖ್ಯ ಕಾರಣಗಳು. ಪೊರೆಯೇ ರೋಗಗ್ರಸ್ತವಾಗಿ ಪ್ರೋಟೀನ್ ಸೋರಿದರೆ ಅದು ಎಕ್ಸುಡೇಟ್. ನ್ಯುಮೋನಿಯಾ, ಕ್ಷಯ ಮತ್ತು ಕ್ಯಾನ್ಸರ್ ಇದಕ್ಕೆ ಉದಾಹರಣೆಗಳು. ಟ್ರಾನ್ಸುಡೇಟ್ ಆದಲ್ಲಿ ಮೂಲ ಅಂಗದ ಚಿಕಿತ್ಸೆ ಸಾಕಾಗಬಹುದು. ಎಕ್ಸುಡೇಟ್ ಆದಲ್ಲಿ ಹೆಚ್ಚಿನ ತಪಾಸಣೆ ಅಗತ್ಯ.

ಲೈಟ್ ಮಾನದಂಡಗಳು

ಅಮೆರಿಕದ ವೈದ್ಯ ರಿಚರ್ಡ್ ಲೈಟ್ ಮತ್ತು ಸಹೋದ್ಯೋಗಿಗಳು 1972ರಲ್ಲಿ ಪ್ರಕಟಿಸಿದ ಈ ಮಾನದಂಡಗಳಲ್ಲಿ ಯಾವುದಾದರೂ ಒಂದು ಪೂರೈಸಿದರೂ ದ್ರವವನ್ನು ಎಕ್ಸುಡೇಟ್ ಎಂದು ಪರಿಗಣಿಸಲಾಗುತ್ತದೆ:

• ದ್ರವದ ಪ್ರೋಟೀನ್ ಮತ್ತು ರಕ್ತಸೀರಂನ ಪ್ರೋಟೀನ್ ಅನುಪಾತ 0.5ಕ್ಕಿಂತ ಹೆಚ್ಚು
• ದ್ರವದ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ (ಎಲ್‌ಡಿಎಚ್) ಮತ್ತು ಸೀರಂನ ಎಲ್‌ಡಿಎಚ್ ಅನುಪಾತ 0.6ಕ್ಕಿಂತ ಹೆಚ್ಚು
• ದ್ರವದ ಎಲ್‌ಡಿಎಚ್, ಸೀರಂ ಎಲ್‌ಡಿಎಚ್‌ನ ಸಾಮಾನ್ಯ ಗರಿಷ್ಠ ಮಿತಿಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚು

ಅನುಪಾತಗಳ ಲೆಕ್ಕಕ್ಕೆ ಅದೇ ಸಮಯದ ರಕ್ತದ ಮಾದರಿಯೂ ಬೇಕು. ಈ ಮಾನದಂಡಗಳು ಎಕ್ಸುಡೇಟ್‌ಗಳನ್ನು ವಿರಳವಾಗಿ ತಪ್ಪಿಸುತ್ತವೆಯಾದರೂ, ಸುಮಾರು ಕಾಲುಭಾಗದಷ್ಟು ಟ್ರಾನ್ಸುಡೇಟ್‌ಗಳನ್ನು ಎಕ್ಸುಡೇಟ್ ಎಂದು ತೋರಿಸಬಲ್ಲವು. ಹೃದಯ ವೈಫಲ್ಯಕ್ಕೆ ಮೂತ್ರವರ್ಧಕ ಔಷಧಿ ಪಡೆಯುತ್ತಿರುವವರಲ್ಲಿ ದ್ರವದ ನೀರಿನಂಶ ಕುಗ್ಗಿ ಪ್ರೋಟೀನ್ ಸಾಂದ್ರವಾಗುವುದು ಇದಕ್ಕೆ ಮುಖ್ಯ ಕಾರಣ. ಅಂತಹ ಸಂದರ್ಭದಲ್ಲಿ ಸೀರಂ ಮತ್ತು ದ್ರವದ ಆಲ್ಬುಮಿನ್ ವ್ಯತ್ಯಾಸವು ಡೆಸಿಲೀಟರಿಗೆ 1.2 ಗ್ರಾಂಗಿಂತ ಹೆಚ್ಚಿದ್ದರೆ ಅದು ಟ್ರಾನ್ಸುಡೇಟ್ ಆಗಿರುವ ಸಂಭವವೇ ಅಧಿಕ.

ಇತರ ಅಳತೆಗಳು

ಗ್ಲುಕೋಸ್: ಡೆಸಿಲೀಟರಿಗೆ 60 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ನ್ಯುಮೋನಿಯಾದ ತೊಡಕು, ಕೀವು, ಕ್ಷಯ, ಕ್ಯಾನ್ಸರ್ ಅಥವಾ ರುಮಟಾಯ್ಡ್ ಸಂಧಿವಾತವನ್ನು ಶಂಕಿಸಲಾಗುತ್ತದೆ.

ಪಿಎಚ್: ಬ್ಯಾಕ್ಟೀರಿಯಾ ಮತ್ತು ಬಿಳಿ ರಕ್ತಕಣಗಳು ಗ್ಲುಕೋಸನ್ನು ಬಳಸಿ ಆಮ್ಲವನ್ನು ಉಂಟುಮಾಡುವುದರಿಂದ ಪಿಎಚ್ ಇಳಿಯುತ್ತದೆ. ನ್ಯುಮೋನಿಯಾ ರೋಗಿಯಲ್ಲಿ ಇದು 7.2ಕ್ಕಿಂತ ಕಡಿಮೆಯಾದರೆ ಪ್ರತಿಜೀವಕ ಮಾತ್ರ ಸಾಲದೆ, ಸಾಮಾನ್ಯವಾಗಿ ನಳಿಕೆ ಹಾಕಿ ದ್ರವವನ್ನು ಹೊರತೆಗೆಯಬೇಕಾಗುತ್ತದೆ. ಮಾದರಿಗೆ ಗಾಳಿ ಸೇರಿದರೆ ಪಿಎಚ್ ಹುಸಿಯಾಗಿ ಏರುತ್ತದೆ. ಅರಿವಳಿಕೆಯ ಲಿಡೋಕೇಯ್ನ್ ಸೇರಿದರೆ ಇಳಿಯುತ್ತದೆ.

ಅಡಿನೋಸಿನ್ ಡಿಅಮಿನೇಸ್ (ಎಡಿಎ): ಲಿಂಫೋಸೈಟ್ ಕಣಗಳೇ ಪ್ರಧಾನವಾಗಿರುವ ದ್ರವದಲ್ಲಿ ಈ ಕಿಣ್ವವು ಲೀಟರಿಗೆ 40 ಯೂನಿಟ್‌ಗಿಂತ ಹೆಚ್ಚಿದ್ದರೆ, ಭಾರತದಂತಹ ಕ್ಷಯ ವ್ಯಾಪಕವಾಗಿರುವ ದೇಶಗಳಲ್ಲಿ ಅದು ಕ್ಷಯದ ಪ್ರಬಲ ಸೂಚಕ. ಆದರೆ ಕೀವು ತುಂಬಿದಾಗ, ಲಿಂಫೋಮಾದಲ್ಲಿ ಮತ್ತು ರುಮಟಾಯ್ಡ್ ಸಂಧಿವಾತದಲ್ಲಿಯೂ ಇದು ಏರಬಹುದು. ಔಷಧ ನಿರೋಧಕ ಕ್ಷಯವನ್ನು ಈ ಪರೀಕ್ಷೆ ತಿಳಿಸದು.

ಅಮೈಲೇಸ್: ಮೇದೋಜೀರಕ ಗ್ರಂಥಿಯ ಉರಿಯೂತ, ಅನ್ನನಾಳ ಬಿರಿಯುವಿಕೆ ಮತ್ತು ಕೆಲವು ಕ್ಯಾನ್ಸರ್‌ಗಳಲ್ಲಿ ಏರುತ್ತದೆ.

ಟ್ರೈಗ್ಲಿಸರೈಡ್: ಡೆಸಿಲೀಟರಿಗೆ 110 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಎದೆಯ ದುಗ್ಧನಾಳದ ಸೋರಿಕೆ, ಅಂದರೆ ಕೈಲೋಥೊರಾಕ್ಸ್, ಸಂಭವನೀಯ. ಇಂತಹ ದ್ರವವು ಹೆಚ್ಚಾಗಿ ಹಾಲಿನಂತೆ ಕಾಣುತ್ತದೆ. ಉಪವಾಸವಿದ್ದ ರೋಗಿಯಲ್ಲಿ ಹಾಗೆ ಕಾಣದಿರಬಹುದು.

ಮಿತಿಗಳು

ರಾಸಾಯನಿಕ ಅಳತೆಗಳು ಸಾಧ್ಯತೆಗಳನ್ನು ಕಿರಿದಾಗಿಸುತ್ತವೆಯೇ ಹೊರತು, ಬಹುತೇಕ ಸಂದರ್ಭಗಳಲ್ಲಿ ಒಂಟಿಯಾಗಿ ರೋಗವನ್ನು ಖಚಿತಪಡಿಸುವುದಿಲ್ಲ. ಕ್ಯಾನ್ಸರನ್ನು ದೃಢಪಡಿಸಲು ಕೋಶಪರೀಕ್ಷೆ ಅಥವಾ ಪೊರೆಯ ಬಯಾಪ್ಸಿ, ಸೋಂಕನ್ನು ಗುರುತಿಸಲು ಕಲ್ಚರ್ ಮತ್ತು ಕ್ಷಯಕ್ಕೆ ಆಣ್ವಿಕ ಪರೀಕ್ಷೆಗಳು ಬೇಕಾಗುತ್ತವೆ. ಆದ್ದರಿಂದ ಫಲಿತಾಂಶಗಳನ್ನು ರೋಗಿಯ ಲಕ್ಷಣಗಳು, ಎದೆಯ ಎಕ್ಸ್-ರೇ ಅಥವಾ ಅಲ್ಟ್ರಾಸೌಂಡ್ ಹಾಗೂ ಕಣಗಳ ಎಣಿಕೆಯೊಂದಿಗೆ ಜೋಡಿಸಿ ಅರ್ಥೈಸಲಾಗುತ್ತದೆ.