ಅಲೆಯ ಸುದ್ದಿ, ವಿಳಾಸದ ಪಟ್ಟಿ

ನಮ್ಮ ಊರುಗಳ ಕಿರಾಣಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇರುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡದವರು ಅಜ್ಜ ಅಜ್ಜಿಯರನ್ನು ಕೇಳಬಹುದು. ಯಾರ ಉದ್ರಿ ಎಷ್ಟು, ಯಾರು ಯಾವಾಗ ಎಷ್ಟು ತೀರಿಸಿದರು ಎಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಕಪಾಟು, ತಕ್ಕಡಿಗಳಿಗಿಂತ ಆ ಪುಸ್ತಕದಲ್ಲಿದ್ದ ಹೆಸರುಗಳೇ ಅಂಗಡಿಯ ನಿಜವಾದ ಬಂಡವಾಳ. ಆದರೆ ಆ ಗಿರಾಕಿಗಳು ಪಕ್ಕದ ಬೀದಿಯವರು. ಇಂದಲ್ಲದಿದ್ದರೆ ನಾಳೆ ಬಂದೇ ಬರುವವರು. ಗಿರಾಕಿಗಳೆಲ್ಲ ನೂರಾರು ಮೈಲಿ ದೂರದಲ್ಲಿದ್ದು, ವರ್ಷಕ್ಕೆ ನಾಲ್ಕಾರು ಸಲ, ಅದೂ ಸಮುದ್ರ ಮನಸ್ಸು ಮಾಡಿದ ದಿನ ಮಾತ್ರ ಬರುವವರಾದರೆ ಅಂಗಡಿಯವನ ಗತಿಯೇನು?

ಈ ಪ್ರಶ್ನೆಯನ್ನು ಎದುರಿಸಿದ ಒಂದು ಸಣ್ಣ ವ್ಯಾಪಾರದ ಚರಿತ್ರೆಯನ್ನು ಈಗ ನೋಡೋಣ. ಅದು ಸರ್ಫಿಂಗ್‌ನ ವ್ಯಾಪಾರ. ಹಲಗೆಯ ಮೇಲೆ ನಿಂತು ಅಲೆಯ ಸವಾರಿ ಮಾಡುವ ಈ ಆಟ ಹವಾಯಿ ದ್ವೀಪಗಳದ್ದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹಾನಮೊಕು, 1914-15ರ ಬೇಸಿಗೆಯಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ಕಡಲತೀರದಲ್ಲಿ ಹಲಗೆ ಏರಿ ತೋರಿಸಿದ ಮೇಲೆ ಆಸ್ಟ್ರೇಲಿಯದವರೂ ಇದರ ಹುಚ್ಚಿಗೆ ಬಿದ್ದರು. ಅಂಗಡಿಗಳು ಹುಟ್ಟಿದ್ದು ಮಾತ್ರ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಎರಡನೆಯ ಮಹಾಯುದ್ಧದ ನಂತರ. ಜ್ಯಾಕ್ ಓನೀಲ್ 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ತೆರೆದರು. ಅಲ್ಲಿಯ ನೀರು ಮೈ ಮರಗಟ್ಟಿಸುವಷ್ಟು ತಣ್ಣಗಿರುವುದರಿಂದ, ದೇಹವನ್ನು ಬೆಚ್ಚಗಿಡುವ ರಬ್ಬರಿನಂಥ ಉಡುಪನ್ನು ಹೊಲಿದು ಮಾರುವುದು ಅವರ ಕಸುಬಾಯಿತು. 1954ರಲ್ಲಿ ಡೇನಾ ಪಾಯಿಂಟ್ ಎಂಬಲ್ಲಿ ಹೋಬಿ ಆಲ್ಟರ್ ಹಲಗೆಯ ಅಂಗಡಿ ಇಟ್ಟರು. ಅದೇ ದಶಕದ ಕೊನೆಗೆ ಬಾಲ್ಸಾ ಮರದ ಬದಲು ಹಗುರವಾದ ಫೋಮ್ ಹಲಗೆಗಳು ಬಂದವು. 1959ರಲ್ಲಿ ‘ಗಿಜೆಟ್’ ಚಲನಚಿತ್ರವೂ ಬಂದು ಆಟ ಎಳೆಯರ ಹಂಬಲವಾಯಿತು.

ಈ ವ್ಯಾಪಾರದ ವಿಚಿತ್ರ ಸ್ವಭಾವವನ್ನು ಸ್ವಲ್ಪ ಗಮನಿಸಿ. ಸವಾರಿಗೆ ತಕ್ಕ ಅಲೆ ದಡದಲ್ಲಿ ಹುಟ್ಟುವುದಿಲ್ಲ. ಸಾವಿರಾರು ಮೈಲಿ ಆಚೆ ಸಾಗರದ ನಡುವೆ ಎಲ್ಲೋ ಬಿರುಗಾಳಿ ಎದ್ದು, ಅದರ ಉಬ್ಬರವು ಹಲವು ದಿನ ಪಯಣಿಸಿ ತೀರಕ್ಕೆ ಬರುತ್ತದೆ. ಇಂದು ಕೆರೆಯಂತೆ ಮಲಗಿದ ಕಡಲು ನಾಳೆ ಮುಂಜಾನೆ ಎದ್ದು ನಿಲ್ಲಬಹುದು. ಮಧ್ಯಾಹ್ನದ ಗಾಳಿಗೆ ಮತ್ತೆ ಕೆಡಬಹುದು. ಊರೊಳಗಿನ ಕಚೇರಿಯಲ್ಲೋ ಕಾಲೇಜಿನಲ್ಲೋ ಕುಳಿತವನಿಗೆ ಇದು ತಿಳಿಯುವ ಬಗೆ ಇಲ್ಲ. ತಿಳಿದಿರುವವನು ದಡದ ಮೇಲಿನ ಅಂಗಡಿಯವನು. ಹಾಗಾಗಿ ಜನ ಅಂಗಡಿಗೆ ಫೋನ್ ಮಾಡಿ ‘ಇವತ್ತು ಅಲೆ ಹೇಗಿದೆ?’ ಎಂದು ಕೇಳುವುದು ರೂಢಿಯಾಯಿತು. ಕೇಳಿದವನು ಏನನ್ನೂ ಕೊಳ್ಳುತ್ತಿರಲಿಲ್ಲ. ದಿನವಿಡೀ ಗಂಟೆ ಬಾರಿಸುತ್ತಿದ್ದ ಫೋನು ಅಂಗಡಿಯವನಿಗೆ ಕಿರಿಕಿರಿಯೇ. ಆದರೆ ಅವನ ಬಳಿ ಹಲಗೆಗಿಂತ ಹೆಚ್ಚಾಗಿ ಬೇಕಾದ ಒಂದು ಸರಕು ಇದೆ, ಅದು ಸುದ್ದಿ ಎಂಬುದನ್ನು ಆ ಫೋನೇ ಹೇಳುತ್ತಿತ್ತು. ನಾವು ನೋಡಲಿರುವ ಚರಿತ್ರೆಯೆಲ್ಲ ಈ ಸುದ್ದಿಯ ಸುತ್ತ ಬೆಳೆದದ್ದು.

ಇದನ್ನು ಮೊದಲು ಕಂಡುಕೊಂಡವರಲ್ಲಿ ಜಾನ್ ಸೆವರ್‌ಸನ್ ಒಬ್ಬರು. ಚಿತ್ರಕಲಾವಿದರು, ಸೈನ್ಯದ ಕೆಲಸದ ಮೇಲೆ ಹವಾಯಿಗೆ ಹೋಗಿ ಅಲ್ಲಿ ಅಲೆಗಳ ಚಿತ್ರೀಕರಣ ಮಾಡಿದವರು. ತಮ್ಮ ಸಾಕ್ಷ್ಯಚಿತ್ರಗಳನ್ನು ಊರೂರಿನ ಸಭಾಂಗಣಗಳಲ್ಲಿ ತಾವೇ ತೋರಿಸುತ್ತಿದ್ದರು. ನಮ್ಮ ಟೂರಿಂಗ್ ಟಾಕೀಸ್ ನೆನಪಿಸಿಕೊಂಡರೆ ಸಾಕು. 1960ರಲ್ಲಿ ‘ಸರ್ಫ್ ಫೀವರ್’ ಎಂಬ ಚಿತ್ರದ ಪ್ರಚಾರಕ್ಕೆಂದು ‘ದಿ ಸರ್ಫರ್’ ಎಂಬ 36 ಪುಟಗಳ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿದರು. ಫೋಟೋ, ರೇಖಾಚಿತ್ರ, ತೀರಗಳ ನಕ್ಷೆ ಎಲ್ಲ ಅವರದೇ ಕೈಕೆಲಸ. ಸುಮಾರು 5,000 ಪ್ರತಿಗಳು ಖರ್ಚಾದವು. ಚಿತ್ರದ ಬಾಲವಾಗಿ ಬಂದದ್ದು ಚಿತ್ರಕ್ಕಿಂತ ದೊಡ್ಡದಾಗುವ ಲಕ್ಷಣ ಕಂಡು, ಮುಂದಿನ ವರ್ಷ ಅದನ್ನು ತ್ರೈಮಾಸಿಕ ಮಾಡಿದರು. ಒಮ್ಮೆ ಚಿತ್ರ ನೋಡಿ ಎದ್ದು ಹೋದ ಪ್ರೇಕ್ಷಕನ ಹೆಸರು ಯಾರಿಗೂ ತಿಳಿಯದು; ಚಂದಾ ಕಳಿಸಿದವನ ಹೆಸರು, ಊರು, ಮನೆ ಸಂಖ್ಯೆ ಪತ್ರಿಕೆಯ ಬಳಿ ಉಳಿಯುತ್ತದೆ. ಹಲಗೆ ತಯಾರಕರು ಜಾಹೀರಾತಿಗಾಗಿ ಆ ಪತ್ರಿಕೆಯ ಬಾಗಿಲಿಗೆ ಬರಲು ಇದೇ ಕಾರಣ.

ಅಂಚೆಯ ಮೂಲಕ ಗಿರಾಕಿಯನ್ನು ಹುಡುಕುವ ವಿದ್ಯೆ ಅಮೆರಿಕಕ್ಕೆ ಹೊಸದಾಗಿರಲಿಲ್ಲ. ಷಿಕಾಗೊ ನಗರದ ಆರನ್ ಮಾಂಟ್‌ಗೊಮರಿ ವಾರ್ಡ್ 1872ರಲ್ಲೇ 163 ಸಾಮಾನುಗಳ ಒಂದು ಹಾಳೆಯ ಬೆಲೆಪಟ್ಟಿಯನ್ನು ರೈತರಿಗೆ ಕಳಿಸಿದ್ದರು. 1890ರ ದಶಕದಲ್ಲಿ ವಿಳಾಸಗಳನ್ನು ಲಕೋಟೆಗೆ ಒತ್ತುವ ಅಡ್ರೆಸ್ಸೋಗ್ರಾಫ್ ಯಂತ್ರವೂ ಬಂತು. ಜಾಹೀರಾತಿನ ಮೂಲೆಯ ಚೀಟಿಯನ್ನು ಕತ್ತರಿಸಿ ಕಳಿಸಿದವರಿಗೆ ಏನಾದರೂ ಸಣ್ಣ ವಸ್ತು ಕೊಟ್ಟು, ಯಾವ ಜಾಹೀರಾತಿಗೆ ಎಷ್ಟು ಚೀಟಿ ಬಂದವೆಂದು ಎಣಿಸಬೇಕೆಂದು 1923ರಲ್ಲಿ ಕ್ಲಾಡ್ ಹಾಪ್ಕಿನ್ಸ್ ಪುಸ್ತಕವನ್ನೇ ಬರೆದರು. ಇಂದು ಸಣ್ಣ ವ್ಯಾಪಾರಿಯೊಬ್ಬ ‘ಇ-ಮೇಲ್ ವಿಳಾಸ ಕೊಡಿ, ಉಬ್ಬರವಿಳಿತದ ಪಟ್ಟಿ ಉಚಿತವಾಗಿ ಪಡೆಯಿರಿ’ ಎಂದರೆ ಅದು ಆ ಚೀಟಿಯ ಮರಿಮಗು.

ಸುದ್ದಿಗೇ ಬೆಲೆ ಕಟ್ಟಿದವರು 1985ರಲ್ಲಿ ಬಂದರು. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಸರ್ಫ್‌ಲೈನ್ ಎಂಬ ಸಂಸ್ಥೆ ಹಣ ಕೊಟ್ಟು ಕೇಳುವ ದೂರವಾಣಿ ಸೇವೆ ತೆರೆಯಿತು. ಅಲ್ಲಿ ಮುನ್ಸೂಚನೆ ಹೇಳಿದವರು ಶಾನ್ ಕಾಲಿನ್ಸ್. ಹವಾಮಾನ ಶಾಸ್ತ್ರದಲ್ಲಿ ಪದವಿ ಇಲ್ಲ. ದೂರದ ಬಿರುಗಾಳಿಯ ನಕ್ಷೆಗಳನ್ನು ಓದಿ ಓದಿ, ಅಲೆ ಯಾವ ತೀರಕ್ಕೆ ಯಾವ ದಿನ ಬರುತ್ತದೆಂದು ಲೆಕ್ಕ ಹಾಕುವುದನ್ನು ತಾವಾಗಿ ಕಲಿತವರು. ಮುಂದೆ ಚಂದಾದಾರರಿಗೆ ಫ್ಯಾಕ್ಸ್‌ನಲ್ಲೂ ಮುನ್ಸೂಚನೆ ಹೋಯಿತು. 1990ರ ದಶಕದ ನಡುವೆ ಅದೇ ಸಂಸ್ಥೆ ಇಂಟರ್‌ನೆಟ್‌ಗೆ ಬಂತು. ಅಂಗಡಿಯವನು ಬೇಸರದಿಂದ ಉತ್ತರಿಸುತ್ತಿದ್ದ ಪ್ರಶ್ನೆಗೆ ಜನ ದುಡ್ಡು ಕೊಡಲೂ ಸಿದ್ಧರಿದ್ದರು.

ಈಗ ಇ-ಮೇಲ್ ಕಡೆಗೆ ಹೊರಳೋಣ. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್, ಅರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸುವಾಗ ಹೆಸರಿಗೂ ಯಂತ್ರಕ್ಕೂ ನಡುವೆ ‘ಅಟ್’ ಚಿಹ್ನೆಯನ್ನು ಇಟ್ಟರು. ಏಳೇ ವರ್ಷದಲ್ಲಿ ವ್ಯಾಪಾರ ಅಲ್ಲಿಗೂ ಕಾಲಿಟ್ಟಿತು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಎಂಬ ಕಂಪೆನಿಯ ಗ್ಯಾರಿ ಥರ್ಕ್, ಅರ್ಪಾನೆಟ್‌ನ ಅಚ್ಚಾದ ವಿಳಾಸ ಕೋಶವನ್ನು ನೋಡಿ, ಅಮೆರಿಕದ ಪಶ್ಚಿಮ ಕರಾವಳಿಯ ಸುಮಾರು 400 ಮಂದಿಗೆ ತಮ್ಮ ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಬರುವಂತೆ ಸಂದೇಶ ಕಳಿಸಿದರು. ವಿಳಾಸಗಳನ್ನು ಕೈಯಿಂದಲೇ ಕೂರಿಸಿದ್ದು; ಜಾಗ ಸಾಲದೆ ಹಲವು ವಿಳಾಸಗಳು ಪತ್ರದ ಒಡಲೊಳಕ್ಕೇ ಹರಿದುಬಂದವು! ಜಾಲದ ಅಧಿಕಾರಿಗಳು ಗದರಿದರು, ಓದಿದವರಲ್ಲಿ ಅನೇಕರು ಸಿಟ್ಟಾದರು. ಆದರೂ ಅದರಿಂದ ದೊಡ್ಡ ವ್ಯಾಪಾರವೇ ಆಯಿತೆಂದು ಥರ್ಕ್ ಮುಂದೆ ಹೇಳಿಕೊಂಡರು. ಇದನ್ನು ಮುಚ್ಚಿಡಬೇಕಾಗಿಲ್ಲ. ಕೇಳದೆ ಕಳಿಸಿದ ಪತ್ರದಿಂದ ಲಾಭವೇ ಇಲ್ಲವೆಂದಿದ್ದರೆ ಅದು ಅಂದೇ ಸತ್ತುಹೋಗುತ್ತಿತ್ತು. ಅನಾಮಿಕನಾಗಿ ದೂರದಿಂದ ಕಳಿಸುವವನಿಗೆ ಸಿಟ್ಟಿನ ಬಿಸಿ ತಟ್ಟುವುದಿಲ್ಲ. ಒಂದೇ ಕಡಲತೀರದಲ್ಲಿ ಬೋರ್ಡು ಹಾಕಿಕೊಂಡು ಕುಳಿತ ಸಣ್ಣ ಅಂಗಡಿಯವನಿಗೆ ತಟ್ಟುತ್ತದೆ. ಸಿಟ್ಟಾದವನು ಮತ್ತೆ ಅವನ ಅಂಗಡಿಯ ಮುಂದೆಯೇ ಹಾದು ಪಕ್ಕದ ಅಂಗಡಿಗೆ ಹೋಗುತ್ತಾನೆ.

ಬಯಸಿದವರು ತಾವಾಗಿ ಸೇರುವ, ಬೇಡವಾದಾಗ ತಾವಾಗಿ ಬಿಡುವ ಪಟ್ಟಿಯ ಏರ್ಪಾಟನ್ನು ಯಂತ್ರಕ್ಕೆ ಒಪ್ಪಿಸಿದ್ದು 1986ರಲ್ಲಿ ಎರಿಕ್ ತಾಮಸ್ ಬರೆದ ಲಿಸ್ಟ್‌ಸರ್ವ್ ಎಂಬ ತಂತ್ರಾಂಶ. ಅಲ್ಲಿಯವರೆಗೆ ಯಾರೋ ಒಬ್ಬರು ಕುಳಿತು ಒಂದೊಂದು ಹೆಸರನ್ನೂ ಸೇರಿಸಿ ತೆಗೆಯಬೇಕಿತ್ತು. ಆದರೂ ಇ-ಮೇಲ್ ಆಗಿನ್ನೂ ವಿಶ್ವವಿದ್ಯಾಲಯ, ಸಂಶೋಧನಾಲಯ, ದೊಡ್ಡ ಕಂಪೆನಿಗಳ ಸೊತ್ತು. ಅದನ್ನು ಸಾಮಾನ್ಯರ ಕೈಗೆ ತಂದವರಲ್ಲಿ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮುಖ್ಯರು. ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಉಚಿತ ಇ-ಮೇಲ್ ಕೊಡುವ ಹಾಟ್‌ಮೇಲ್ ತೆರೆದರು. ಅದರಿಂದ ಹೊರಟ ಪ್ರತಿ ಪತ್ರದ ಅಡಿಯಲ್ಲೂ ನೀವೂ ಉಚಿತ ವಿಳಾಸ ಪಡೆಯಬಹುದೆಂಬ ಒಂದು ಸಾಲು ಇರುತ್ತಿತ್ತು. ಗೆಳೆಯನ ಪತ್ರದ ಜೊತೆಗೇ ಬರುವ ಕರೆಯಾದ್ದರಿಂದ ಜನ ನಂಬಿದರು. ಒಂದೂವರೆ ವರ್ಷದೊಳಗೆ ಬಳಸುವವರ ಸಂಖ್ಯೆ 80 ಲಕ್ಷ ಮೀರಿತು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಇದರಿಂದ ಕ್ಯಾಲಿಫೋರ್ನಿಯದ ಹಲಗೆ ಅಂಗಡಿಗೆ ಆದ ಲಾಭ ಸರಳ. ಗಿರಾಕಿಯ ಬಳಿ ಈಗ ಅಂಚೆಚೀಟಿ ಬೇಡದ ಒಂದು ವಿಳಾಸ ಇತ್ತು. ಲಕೋಟೆ ಕಳಿಸಿದರೆ ಮೂರು ದಿನಕ್ಕೆ ತಲುಪಿ, ಅಷ್ಟರಲ್ಲಿ ಅಲೆಯೂ ಮುಗಿದು ಹೋಗಿರುತ್ತಿತ್ತು. ಇ-ಮೇಲ್ ಅಲೆಗಿಂತ ಮೊದಲು ತಲುಪುತ್ತದೆ.

ಅಗ್ಗವಾದದ್ದು ಎಲ್ಲರಿಗೂ ಅಗ್ಗ. ಬೇಡದ ಪತ್ರಗಳ ಪ್ರವಾಹ ಬಂತು. ವಿಳಾಸಗಳನ್ನು ಲಕ್ಷಗಟ್ಟಲೆ ಸಗಟಾಗಿ ಮಾರುವವರು ಹುಟ್ಟಿಕೊಂಡರು. 1999ರಲ್ಲಿ ಸೇತ್ ಗೋಡಿನ್ ಬರೆದ ಪುಸ್ತಕವೊಂದು ಅನುಮತಿ ಪಡೆದ ಮಾರಾಟ ಎಂಬ ಮಾತನ್ನು ಚಾಲ್ತಿಗೆ ತಂದಿತು. 2003ರ ಡಿಸೆಂಬರ್‌ನಲ್ಲಿ ಅಮೆರಿಕ ಕಾನೂನು ಮಾಡಿತು: ವ್ಯಾಪಾರದ ಪ್ರತಿ ಇ-ಮೇಲ್‌ನಲ್ಲೂ ಕಳಿಸಿದವರ ನಿಜವಾದ ಅಂಚೆ ವಿಳಾಸ ಇರಬೇಕು, ಪಟ್ಟಿಯಿಂದ ಹೊರಬರುವ ದಾರಿ ಇರಬೇಕು, ಬಿಡುತ್ತೇನೆ ಎಂದವರನ್ನು ಕೆಲಸದ 10 ದಿನಗಳೊಳಗೆ ಬಿಡಬೇಕು. ಆದರೆ ಮೊದಲೇ ಅನುಮತಿ ಕೇಳಬೇಕೆಂದು ಆ ಕಾನೂನು ಹೇಳಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ಕಾನೂನು. ಬಾಗಿಲು ತಟ್ಟದೆ ಒಳಗೆ ಬಂದವನಿಗೆ, ಹೊರಡು ಎಂದರೆ ಹೊರಡಬೇಕು ಎಂದಷ್ಟೇ ಹೇಳಿದಂತೆ.

ಹಾಗಾದರೆ ಸಣ್ಣ ಸರ್ಫ್ ಅಂಗಡಿ ಅಥವಾ ತರಬೇತಿ ಶಾಲೆ ತನ್ನ ಪಟ್ಟಿಯನ್ನು ಬೆಳೆಸುವುದು ಹೇಗೆ? 2001ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದ ಮೇಲ್‌ಚಿಂಪ್‌ನಂಥ ಸೇವೆಗಳು, ಅದರಲ್ಲೂ 2009ರಲ್ಲಿ ಅದು ಉಚಿತ ಯೋಜನೆ ತೆರೆದ ಮೇಲೆ, ಯಂತ್ರದ ಕೆಲಸವನ್ನು ಹಗುರ ಮಾಡಿದವು. ಒಬ್ಬರು ವಿಳಾಸ ಕೊಟ್ಟ ಕೂಡಲೇ ‘ಇದು ನೀವೇ ತಾನೆ?’ ಎಂದು ಒಂದು ಪತ್ರ ಹೋಗುತ್ತದೆ; ಅವರು ಹೌದೆಂದರೆ ಮಾತ್ರ ಹೆಸರು ಪಟ್ಟಿಗೆ ಸೇರುತ್ತದೆ. ಹೀಗೆ ಎರಡು ಸಲ ಕೇಳಿದರೆ ಪಟ್ಟಿ ನಿಧಾನವಾಗಿ ಬೆಳೆಯುತ್ತದೆ, ಕೆಲವರು ನಡುವೆಯೇ ಕಳೆದುಹೋಗುತ್ತಾರೆ. ಉಳಿದವರು ಮಾತ್ರ ಪತ್ರ ತೆರೆಯುವವರು. ಕೊಂಡುತಂದ ಪಟ್ಟಿಯಲ್ಲಿ ಸತ್ತ ವಿಳಾಸಗಳೂ ಸಿಟ್ಟಿನ ಜನರೂ ತುಂಬಿರುತ್ತಾರೆ, ಮತ್ತು ಆ ಸಿಟ್ಟಿಗೆ ಈಗ ಲೆಕ್ಕವಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರ ಮೇಲೆ ಓದುಗರ ದೂರು ಶೇಕಡಾ 0.3ರ ಮಟ್ಟ ಮುಟ್ಟಬಾರದೆಂದು 2024ರಲ್ಲಿ ಗೂಗಲ್ ನಿಯಮ ಮಾಡಿತು. ಸಾವಿರಕ್ಕೆ ಮೂವರು! ದೂರು ಬಂದ ಪತ್ರಗಳು ಕಸದ ಪೆಟ್ಟಿಗೆಗೆ ಜಾರುವುದು ಎಲ್ಲರಿಗೂ ಒಂದೇ.

ಪಟ್ಟಿ ನೀರಿಟ್ಟ ಮಡಕೆಯಂತೆ ಸದಾ ಒಸರುತ್ತಲೂ ಇರುತ್ತದೆ. ಕಾಲೇಜು ಮುಗಿಸಿದವನ ಹಳೆಯ ವಿಳಾಸ ಮುಚ್ಚುತ್ತದೆ. ಕೆಲಸ ಬದಲಿಸಿದವಳ ಕಚೇರಿ ವಿಳಾಸ ಸಾಯುತ್ತದೆ. ಮಂಡಿ ನೋವು ಬಂದವರಿಗೆ ಆಟವೇ ಬೇಡವಾಗುತ್ತದೆ. ಹೊಸಬರು ಸೇರದಿದ್ದರೆ ಸುಮ್ಮನಿದ್ದರೂ ಪಟ್ಟಿ ಕರಗುತ್ತದೆ. ಅವರನ್ನು ಸೇರಿಸುವುದು ಹಳೆಯ ಫೋನಿನ ಪ್ರಶ್ನೆಯೇ. ವಾರಕ್ಕೊಮ್ಮೆ ‘ಶನಿವಾರ ಬೆಳಿಗ್ಗೆ ಅಲೆ ಸೊಂಟದೆತ್ತರ, ಗಾಳಿ ಕಡಿಮೆ, ಕಲಿಯುವವರಿಗೆ ಒಳ್ಳೆಯದು’ ಎಂದು ನಾಲ್ಕು ಸಾಲು ಬರೆಯುವ ಅಂಗಡಿಯ ಪತ್ರವನ್ನು ಜನ ಗೆಳೆಯರಿಗೂ ದಾಟಿಸುತ್ತಾರೆ. ವಾರವಾರವೂ ರಿಯಾಯಿತಿ ಎಂದು ಕೂಗುವ ಪತ್ರಕ್ಕೆ ಆ ಭಾಗ್ಯವಿಲ್ಲ. ಅಲೆ ಚೆನ್ನಾಗಿಲ್ಲದ ವಾರ ‘ಬರಬೇಡಿ, ದಾರಿ ಖರ್ಚು ದಂಡ’ ಎಂದು ಬರೆಯುವ ಧೈರ್ಯ ಬೇಕು. ಆ ವಾರದ ವ್ಯಾಪಾರ ಹೋಗುತ್ತದೆ. ಮುಂದಿನ ವಾರ ‘ಬನ್ನಿ’ ಎಂದಾಗ ನಂಬುವವರು ಇರುತ್ತಾರೆ.

ನಮ್ಮ ಕರಾವಳಿಗೂ ಈ ಮಾತು ದೂರದ್ದಲ್ಲ. ಶಾಂಭವಿ ನದಿ ಹರಿಯುವ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಅಮೆರಿಕದಿಂದ ಬಂದ ಸ್ವಾಮಿಯೊಬ್ಬರು ಇದಕ್ಕೆ ಮೂಲ. 2016ರ ಮೇ ತಿಂಗಳಲ್ಲಿ ಸಮೀಪದ ಸಸಿಹಿತ್ಲು ತೀರದಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಇಂಥ ತೀರದ ತರಬೇತಿ ಶಾಲೆಗೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಎರಡು ದಿನ ಕಲಿತು, ಭಾನುವಾರ ರಾತ್ರಿ ಮರಳುವವರೂ ಗಿರಾಕಿಗಳೇ. ಜೂನ್‌ನಲ್ಲಿ ಮಳೆಗಾಲದ ಕಡಲು ಕೆರಳಿದರೆ ಹೊಸಬರನ್ನು ನೀರಿಗೆ ಇಳಿಸುವಂತಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಅವರನ್ನು ಮತ್ತೆ ಕರೆಯಲು ಶಾಲೆಯ ಬಳಿ ಉಳಿದಿರುವುದು ಅವರು ಬರೆದುಕೊಟ್ಟ ವಿಳಾಸ. ಅದನ್ನು ಕೊಟ್ಟವರಿಗೆ ಹಕ್ಕೂ ಇದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಸಾಧ್ಯವಾಗಬೇಕು.

ವಿಳಾಸ ಕೇಳುವ ಹೊತ್ತಿನ ಬಗ್ಗೆ ಒಂದು ಸಣ್ಣ ಮಾತು ಉಳಿದಿದೆ. ಪಾಠ ಮುಗಿಸಿ ನೀರಿನಿಂದ ಮೇಲೆ ಬಂದವರು ಉತ್ಸಾಹದಲ್ಲಿರುತ್ತಾರೆ, ಕೇಳಿದ್ದನ್ನೆಲ್ಲ ಕೊಡುತ್ತಾರೆ. ಆದರೆ ಒದ್ದೆ ಕೈಯಲ್ಲಿ ಹಿಡಿದ ಪೆನ್ನು ರಿಜಿಸ್ಟರಿನ ಮೇಲೆ ಜಾರುತ್ತದೆ, ತಲೆಗೂದಲಿನ ನೀರು ಹಾಳೆಯ ಮೇಲೆ ತೊಟ್ಟಿಕ್ಕುತ್ತದೆ. ಇ-ಮೇಲ್ ವಿಳಾಸದಲ್ಲಿ ಒಂದು ಅಕ್ಷರ ಕಲಸಿಹೋದರೂ ಪತ್ರ ತಲುಪುವುದಿಲ್ಲ. ಅಂಚೆಯವನಂತೆ ಊಹಿಸಿ ಮನೆ ಹುಡುಕುವವರು ಆ ದಾರಿಯಲ್ಲಿ ಯಾರೂ ಇಲ್ಲ. ಆದ್ದರಿಂದ ಮೈ ಒರೆಸಿಕೊಂಡು ಚಹಾ ಕುಡಿಯಲು ಕೂತಾಗ ಪುಸ್ತಕವನ್ನು ಮುಂದಿಟ್ಟು, ಬರೆದದ್ದನ್ನು ಅವರ ಎದುರೇ ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು.